ಎರಡು ದಾರಿ, ಒಂದು ಹಿಂದಿನ ಸೀಟು

ನಮ್ಮ ದೊಡ್ಡಮ್ಮ ಮೋಟಾರ್ ಸೈಕಲ್ ಸೀಟಿಗೆ ಹೊದಿಕೆ ಹೊಲಿಯುವವಳು. ದೊಡ್ಡಪ್ಪ ಫೋಮ್ ಕತ್ತರಿಸಿ ಆಕಾರ ಕೊಡುತ್ತಾರೆ. ಇವಳು ಅದರ ಮೇಲೆ ರೆಕ್ಸಿನ್ ಹೊಲಿದು, ಬಿಗಿಯಾಗಿ ಎಳೆದು, ಸುತ್ತ ಪಿನ್ ಹೊಡೆಯುತ್ತಾಳೆ. ಗಿರಾಕಿಗಳ ಹೊಗಳಿಕೆಯೆಲ್ಲ ಬಾಗಿಲಲ್ಲಿ ನಿಂತ ದೊಡ್ಡಪ್ಪನಿಗೆ. ಇದನ್ನು ಎತ್ತಿ ಆಡಿದರೆ "ಸುಮ್ನಿರೇ" ಎನ್ನುತ್ತಾಳೆ. ಸುಮ್ಮನಿರುವುದು ನನ್ನ ಜಾಯಮಾನವಲ್ಲ.

ರಸ್ತೆಯ ಆ ಬದಿಗೆ ಅವಳ ತಮ್ಮನ, ಅಂದರೆ ನಮ್ಮ ಮಾವನ, ಕನ್ನಡಕದ ಅಂಗಡಿ. ಬೈಕ್ ಓಡಿಸಲು ಅತಿ ಚೆಂದದ ಸೀಮೆ ಯಾವುದು ಎಂದು ಭಾವ ಭಾಮೈದರ ನಡುವೆ ಇಪ್ಪತ್ತೇಳು ವರ್ಷಗಳಿಂದ ವ್ಯಾಜ್ಯ ನಡೆದಿದೆ. ದೊಡ್ಡಪ್ಪನದು ಬೆಟ್ಟದ ದಾರಿ, ಮಾವನದು ಕಡಲ ದಾರಿ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ಬಿಟ್ಟುಬಿಡಬಹುದಿತ್ತು. ಆದರೆ ಇಬ್ಬರೂ ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರು.

"ನಲವತ್ತೆರಡು ತಿರುವು ಕಣಯ್ಯಾ! ಒಂದೊಂದು ತಿರುವಿಗೂ ಒಂದೊಂದು ಕಣಿವೆ. ನಾನು ಒಂದೇ ಉಸಿರಿಗೆ ಹತ್ತಿಬಿಡ್ತೀನಿ."

"ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ, ಭಾವ. ನಮ್ಮ ಕಡೆ ನೋಡಿ, ಅರವತ್ತು ಕಿಲೋಮೀಟರ್ ಉದ್ದಕ್ಕೂ ಪಕ್ಕದಲ್ಲೇ ನೀರು."

"ಅದೇ ನೀರನ್ನ ಅರವತ್ತು ಕಿಲೋಮೀಟರ್ ಯಾಕೆ ನೋಡ್ಬೇಕು? ಒಂದು ಸಲ ನೋಡಿದ್ರೆ ಸಾಲ್ದಾ?"

ಒಬ್ಬರ ದಾರಿಗೆ ಇನ್ನೊಬ್ಬರು ಕಾಲಿಟ್ಟವರಲ್ಲ. ಹೋದರೆ ಸೋತಂತೆ. ಎರಡೂ ಕಡೆ ಹೋಗಿದ್ದವಳು ದೊಡ್ಡಮ್ಮ ಒಬ್ಬಳೇ: ಮದುವೆಗೆ ಮುಂಚೆ ತಮ್ಮನ ಹಿಂದೆ, ಆಮೇಲೆ ಗಂಡನ ಹಿಂದೆ. ಹಾಗಾಗಿ ನ್ಯಾಯಾಧೀಶೆಯ ಪಟ್ಟ ಅವಳಿಗೇ ಬಂತು. ಕೇಳಿದಾಗಲೆಲ್ಲ ಹಲ್ಲಲ್ಲಿ ದಾರ ಕಚ್ಚಿಕೊಂಡು "ಹ್ಞೂಂ" ಎನ್ನುತ್ತಿದ್ದಳು. ಅದು ತನಗೇ ಹೇಳಿದ್ದು ಎಂದು ಇಬ್ಬರೂ ಹಿಗ್ಗುತ್ತಿದ್ದರು.

ಹೋದ ವರ್ಷ ಇಬ್ಬರಿಗೂ ತೀರ್ಪು ಬೇಕೇ ಬೇಕು ಅನ್ನಿಸಿತು. ದೊಡ್ಡಪ್ಪ ಅವಳಿಗೆಂದು ಹೊಸ ಹಿಂದಿನ ಸೀಟು ಮಾಡಿದರು, ಗಾಳಿ ಹೊಡೆಯದಿರಲಿ ಎಂದು ಎರಡಂಗುಲ ತಗ್ಗಿಸಿ. ಮಾವ ಬಿಸಿಲ ಝಳ ತಡೆಯುವ ಕನ್ನಡಕ ಮಾಡಿಕೊಟ್ಟ. ಒಂದು ಭಾನುವಾರ ಗಂಡನ ಹಿಂದೆ ಬೆಟ್ಟ, ಮುಂದಿನ ಭಾನುವಾರ ತಮ್ಮನ ಹಿಂದೆ ಕಡಲು. ಸೋಮವಾರ ಸಂಜೆ ಇಬ್ಬರೂ ಹೊಲಿಗೆ ಯಂತ್ರದ ಎದುರು ಸ್ಟೂಲು ಎಳೆದುಕೊಂಡು ಕೂತರು. ದೊಡ್ಡಮ್ಮ ಬಾಯಿಂದ ದಾರ ತೆಗೆದಳು.

"ನಿಜ ಹೇಳ್ಲಾ? ಬೆಟ್ಟದ ದಾರೀಲಿ ಕಂಡಿದ್ದು ಕೆಂಪು ಹೆಲ್ಮೆಟ್ಟು. ಕಡಲ ದಾರೀಲಿ ಕಪ್ಪು ಹೆಲ್ಮೆಟ್ಟು. ಕಪ್ಪು ಹೆಲ್ಮೆಟ್ಟಿನ ಮೇಲೆ ಒಂದು ಗೀರಿದೆ. ಅಷ್ಟೇ ವ್ಯತ್ಯಾಸ."

ಇಬ್ಬರೂ ಇಂಗು ತಿಂದ ಮಂಗನ ಹಾಗಾದರು. ನಾನು ಬಿದ್ದು ಬಿದ್ದು ನಕ್ಕೆ. ದೊಡ್ಡಮ್ಮ ನಗಲಿಲ್ಲ.

"ನಾನೂ ಗಾಡಿ ಕಲೀತೀನಿ. ಆ ದಾರಿಗಳನ್ನ ಒಂದ್ಸಲ ನನ್ನ ಕಣ್ಣಾರೆ ನೋಡ್ಬೇಕು."

ಅವಳಿಗೆ ಐವತ್ಮೂರು. ಇಪ್ಪತ್ತೇಳು ವರ್ಷದಲ್ಲಿ ಮೊದಲ ಸಲ ಭಾವ ಭಾಮೈದರು ಒಂದೇ ಮಾತಾಡಿದರು.

"ಈ ವಯಸ್ಸಲ್ಲಾ? ನಿನ್ನ ಕಾಲು ನೆಲಕ್ಕೇ ಎಟುಕಲ್ವಲ್ಲೇ," ಎಂದರು ದೊಡ್ಡಪ್ಪ.

"ಭಾವ ಹೇಳೋದು ಸರಿ ಅಕ್ಕ," ಎಂದ ಮಾವ.

ನನಗೆ ಮೈಯೆಲ್ಲ ಉರಿಯಿತು. ಆದರೆ ಕಾಲು ಎಟುಕದಿರುವುದು ಸುಳ್ಳಲ್ಲ. ದೊಡ್ಡಮ್ಮ ತುಂಬ ಕುಳ್ಳಿ. ದೊಡ್ಡಪ್ಪನ ಗಾಡಿಯ ಮೇಲೆ ಕೂತರೆ ಪಾದ ಗಾಳಿಯಲ್ಲೇ ಉಳಿಯುತ್ತಿತ್ತು.

ದೊಡ್ಡಪ್ಪ ತಮ್ಮ ಸೀಟನ್ನು ತಮ್ಮ ಮೈಗೆ ಒಪ್ಪುವ ಹಾಗೆ ಮೂರು ತಿಂಗಳು ಕೂತು ಕೆತ್ತಿದ್ದರು. ಅದನ್ನು ಯಾರೂ ಮುಟ್ಟುವಂತಿರಲಿಲ್ಲ. ಬುಧವಾರ ಬೆಳಿಗ್ಗೆ ಅವರು ಗಾಡಿ ಹತ್ತಿ ಕೂತರೆ ಮೊಣಕಾಲು ಎದೆ ಹತ್ತಿರ ಬಂತು. ದೊಡ್ಡಮ್ಮ ಹೊದಿಕೆ ಬಿಚ್ಚಿ, ಫೋಮನ್ನು ಮೂರು ಬೆರಳು ದಪ್ಪ ಕೆತ್ತಿ ತೆಗೆದು, ಮತ್ತೆ ಹೊಲಿದಿಟ್ಟಿದ್ದಳು.

"ನನ್ನ ಸೀಟು!"

"ಸೀಟು ನಿಮ್ದೇ. ಕಾಲು ನಂದು."

ದೊಡ್ಡಪ್ಪ ಸೀಟು ಕಳಚಿ, ಮಗುಚಿ, ಹೊಲಿಗೆಯಲ್ಲಿ ಹುಳುಕು ಹುಡುಕಿದರು. ಒಂದೂ ಸಿಗಲಿಲ್ಲ. ಮಧ್ಯಾಹ್ನದವರೆಗೆ ಮುಖ ಊದಿಸಿಕೊಂಡಿದ್ದರು. ಆಮೇಲೆ ಚಾಕು ಹಿಡಿದುಕೊಂಡು ಬಂದು, "ಪಕ್ಕದಲ್ಲೂ ಚೂರು ತೆಗೀಬೇಕಿತ್ತು. ಇಲ್ದಿದ್ರೆ ತೊಡೆ ಉಜ್ಜುತ್ತೆ," ಎಂದು ತಾವೇ ಕೂತು ಕೆತ್ತಿದರು. ಅವರ ಮೇಲಿದ್ದ ನನ್ನ ಸಿಟ್ಟು ಆಗ ಅರ್ಧ ಇಳಿಯಿತು. ಪೂರ್ತಿ ಇಳಿಸಿಕೊಳ್ಳುವಷ್ಟು ಒಳ್ಳೆಯವಳಲ್ಲ ನಾನು.

ಹತ್ತಿರದ ಗೋದಾಮೊಂದರ ಹಿಂದಿನ ಖಾಲಿ ಜಾಗದಲ್ಲಿ ಕಲಿಕೆ ಶುರುವಾಯಿತು. ಮಾವ "ಕ್ಲಚ್ಚು! ಅಕ್ಕಾ, ಕ್ಲಚ್ಚು!" ಎಂದು ಕೂಗುತ್ತ ಹಿಂದೆ ಓಡುವುದನ್ನು ನೋಡಲು ನಾನು ಕೆಲಸಕ್ಕೆ ರಜೆ ಹಾಕಿ ಹೋಗುತ್ತಿದ್ದೆ. ದೊಡ್ಡಮ್ಮ ಎರಡು ಸಲ ಬಿದ್ದಳು. ಲೈಸೆನ್ಸ್ ಪರೀಕ್ಷೆಯಲ್ಲಿ ಮೊದಲ ಸಲ ಎಂಟರ ಆಕಾರ ಸುತ್ತುವಾಗ ಕಾಲೂರಿ ನಪಾಸಾದಳು, ಎರಡನೇ ಸಲ ಪಾಸಾದಳು.

ಮುಂದಿನ ಭಾನುವಾರ ಬೆಳಿಗ್ಗೆ ಏಳಕ್ಕೆ ಒಬ್ಬಳೇ ಬೆಟ್ಟದ ದಾರಿ ಹಿಡಿದಳು. ಹೋಗಿ ಬರಲು ಹೆಚ್ಚೆಂದರೆ ನಾಲ್ಕು ತಾಸು. ಹನ್ನೊಂದಾಯಿತು, ಬರಲಿಲ್ಲ. ಒಂದಾಯಿತು. ಫೋನು ಮಾಡಿದರೆ ಅದು ಹೊಲಿಗೆ ಯಂತ್ರದ ಮೇಲೆಯೇ ರಿಂಗಣಿಸಿತು. ಕಡಲು, ಬೆಟ್ಟ ಎಲ್ಲ ಮರೆತು ಇಬ್ಬರೂ ರಸ್ತೆಯ ತುದಿ ನೋಡುತ್ತ ನಿಂತರು. "ನಾನು ಜೊತೇಲಿ ಹೋಗ್ಬೇಕಿತ್ತು," ಎಂದು ದೊಡ್ಡಪ್ಪ ಹತ್ತು ಸಲ ಹೇಳಿರಬೇಕು.

ಮೂರೂವರೆಗೆ ಬಂದಳು. ಮುಖದ ತುಂಬ ಧೂಳು. ಗಾಡಿಗೆ ಗೀರು ಬಿದ್ದಿದೆಯೇ ಎಂದು ದೊಡ್ಡಪ್ಪ ನೋಡಲೂ ಇಲ್ಲ.

"ಈಗಲಾದ್ರೂ ಹೇಳಕ್ಕ, ಬೆಟ್ಟ ಗೆಲ್ತಾ?" ಮಾವನಿಗೆ ತಡೆಯಲಾಗಲಿಲ್ಲ.

"ಕಡಲು ಇನ್ನೂ ನೋಡಿಲ್ವಲ್ಲೋ. ಬರೋ ಭಾನುವಾರ ಹೋಗ್ತೀನಿ."

"ಇಷ್ಟು ಹೊತ್ತು ಎಲ್ಲಿದ್ದೆ? ನಮ್ಮ ಜೀವ ಬಾಯಿಗೆ ಬಂದಿತ್ತು," ಎಂದರು ದೊಡ್ಡಪ್ಪ.

ದೊಡ್ಡಮ್ಮ ಹೆಲ್ಮೆಟ್ ತೆಗೆದು ಅವರ ಕೈಗೆ ಕೊಟ್ಟಳು.

"ಚೆನ್ನಾಗಿ ಕಂಡಲ್ಲೆಲ್ಲ ನಿಲ್ಲಿಸ್ದೆ. ಕೂತ್ಕೊಂಡು ನೋಡ್ದೆ. ಇಷ್ಟು ವರ್ಷ ನಿಮ್ಮ ಹಿಂದೆ ಕೂತು, ಇಲ್ಲಿ ಸ್ವಲ್ಪ ನಿಲ್ಸಿ ಅಂತ ಬೆನ್ನು ತಟ್ತಿದ್ದೆ. ನನಗೆ ಹೆದ್ರಿಕೆ ಆಯ್ತು ಅಂದ್ಕೊಂಡು, ಗಟ್ಟಿಯಾಗಿ ಹಿಡ್ಕೋ ಅಂತಿದ್ರಿ."

ದೊಡ್ಡಪ್ಪ ಹೆಲ್ಮೆಟ್ಟಿನ ಧೂಳನ್ನು ಅಂಗಿಯ ತುದಿಯಿಂದ ಒರೆಸತೊಡಗಿದರು. ಮಾವ ನಗಲು ಬಾಯಿ ತೆರೆದವನು ಮುಚ್ಚಿಕೊಂಡ. ಅವನ ಬೆನ್ನನ್ನೂ ಅವಳು ತಟ್ಟಿದ್ದಳು.