ಕೊನೆಯದಾಗಿ ಕಂಡ ಜಾಗ

ರುಕ್ಸಾನಾಳ ತಾಯಿ ಖುರ್ಷಿದಾಬೇಗಂ ಮೊದಲ ಸಲ ದಾರಿ ತಪ್ಪಿದ್ದು ಮೀನು ಮಾರುಕಟ್ಟೆಯಿಂದ ಮನೆಗೆ ಬರುವಾಗ. ಮೂವತ್ತು ವರ್ಷ ಹತ್ತಿಳಿದ ಅದೇ ಗುಡ್ಡದ ದಾರಿ. ಸಂಜೆ ಹೊತ್ತಿಗೆ ಗೋವಾದ ಮುರ್ಮುಗಾಂವ್ ಬಂದರಿನ ಗೇಟಿನೆದುರು ಸಿಕ್ಕಳು. ಲಾರಿಗಳ ಸಾಲಿನ ನಡುವೆ ಕೂತು, ತನ್ನೂರು ಸಿಂದಗಿಯ ಬಸ್ಸು ಎಷ್ಟು ಹೊತ್ತಿಗೆ ಎಂದು ಡ್ರೈವರುಗಳನ್ನು ಕೇಳುತ್ತಿದ್ದಳು. ಆಮೇಲೆ ಅದು ವಾರಕ್ಕೊಮ್ಮೆ ಆಗತೊಡಗಿತು.

ಮನೆಯಲ್ಲಿ ಇದ್ದವರು ತಾಯಿ ಮಗಳು ಇಬ್ಬರೇ. ಅಪ್ಪ ಬಂದರಿನಲ್ಲಿ ಅದಿರು ತುಂಬುವ ಕೆಲಸ ಮಾಡಿ, ಕೆಮ್ಮಿ ಕೆಮ್ಮಿ ತೀರಿಹೋಗಿದ್ದ. ರುಕ್ಸಾನಾ ವಾಸ್ಕೋದ ಒಂದು ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಒಡೆದ ಪರದೆ ಬದಲಿಸುವುದು, ನೀರು ಹೊಕ್ಕ ಫೋನು ಬಿಚ್ಚಿ ಒಣಗಿಸುವುದು. ಬಿ.ಸಿ.ಎ. ಎರಡನೇ ವರ್ಷಕ್ಕೆ ಬಿಟ್ಟಿದ್ದರೂ ಕಲಿತದ್ದನ್ನು ಮರೆತಿರಲಿಲ್ಲ. ಯಾರೋ ಬಿಟ್ಟುಹೋದ ಹಳೆಯ ಲ್ಯಾಪ್‌ಟಾಪನ್ನು ಸರಿಮಾಡಿಕೊಂಡು, ಯೂಟ್ಯೂಬ್ ನೋಡಿ ನೋಡಿ, ಒಂದು ಮಳೆಗಾಲವಿಡೀ ಕೂತು ತಾಯಿಗಾಗಿ ಆ್ಯಪ್ ಬರೆದಳು. ತಾಯಿಯ ಕೊರಳಿಗೆ ಬಟ್ಟೆಯ ಚೀಲದಲ್ಲಿ ಒಂದು ಫೋನು. ಅದು ಎಲ್ಲಿದೆ ಎಂದು ಎರಡು ನಿಮಿಷಕ್ಕೊಮ್ಮೆ ಮಗಳ ಫೋನಿನ ನಕ್ಷೆಯ ಮೇಲೆ ಚುಕ್ಕೆಯಾಗಿ ಕಾಣಬೇಕು. ಇಷ್ಟೇ ಅವಳಿಗೆ ಬೇಕಾಗಿದ್ದದ್ದು.

ಮೊದಮೊದಲು ಚುಕ್ಕೆ ಸಮುದ್ರದ ನಡುವೆ ಕಾಣುತ್ತಿತ್ತು. ತಗಡಿನ ಮನೆಗಳ ಇಕ್ಕಟ್ಟಿನಲ್ಲಿ ಫೋನಿಗೆ ತನ್ನ ಜಾಗವೇ ತಿಳಿಯುತ್ತಿರಲಿಲ್ಲ. ಅದು ಸರಿಹೋಯಿತು ಎನ್ನುವಷ್ಟರಲ್ಲಿ, ಬ್ಯಾಟರಿ ಉಳಿಸಲೆಂದು ಫೋನೇ ಆ್ಯಪನ್ನು ಮಲಗಿಸಿಬಿಡುತ್ತಿತ್ತು. ಒಂದು ದಿನ ಬ್ಯಾಟರಿ ಪೂರಾ ಸತ್ತು ತಾಯಿ ನಾಲ್ಕು ತಾಸು ಸಿಗಲಿಲ್ಲ. ಅದಾದ ಮೇಲೆ ರುಕ್ಸಾನಾ ಇನ್ನೊಂದು ಸೌಲಭ್ಯ ಸೇರಿಸಿದಳು. ಸಂಪರ್ಕ ಕಡಿದರೂ, ಅತ್ತ ಏನೇ ಆದರೂ, ನೋಡುವವರ ಫೋನಿನಲ್ಲಿ 'ಕೊನೆಯದಾಗಿ ಕಂಡ ಜಾಗ' ಎಂದು ಚುಕ್ಕೆ ಅಳಿಯದೆ ನಿಲ್ಲುತ್ತಿತ್ತು. ಅದನ್ನು ಮಾಡಿ ಮುಗಿಸಿದ ದಿನ ಅವಳು ತಾಯಿಗೆ ಶೀರಾ ಮಾಡಿ ಉಣಿಸಿದಳು.

ಓಣಿಯಲ್ಲಿ ಸುದ್ದಿಯಾಯಿತು. ಏಳೆಂಟು ಮನೆಯವರು ಹಾಕಿಸಿಕೊಂಡರು. ಒಂದು ಭಾನುವಾರ ಪಕ್ಕದ ಮನೆಯ ಯಮನೂರ ಬಂದ. ಬಂದರಿನಲ್ಲಿ ಸರಕು ಇಳಿಸುವವನು. ಕೈಯಲ್ಲಿ ಹೆಂಡತಿ ಅಂಬಿಕಾಳ ಫೋನಿತ್ತು.

"ತಂಗಿ, ನಿಮ್ಮವ್ವಗ ಹಾಕೀದೆಲ್ಲಾ, ಅಂಥಾದ ಇದಕ್ಕೂ ಒಂದ ಹಾಕಿ ಕೊಡು. ಕುಂಕಳ್ಳಿ ಫ್ಯಾಕ್ಟರಿಯಿಂದ ಆಕಿ ಬರೂದು ತಡಾ ಆಗ್ತೈತಿ. ಜೀವ ತಡಿಯಂಗಿಲ್ಲ."

"ಅಂಬಿಕಾಗ ಗೊತ್ತೈತೇನ್ರಿ ಅಣ್ಣಾ?"

"ಗೊತ್ತಿರಲಾರದ ಏನು? ಆಕೀನ ಕೊಟ್ಟ ಕಳಿಸ್ಯಾಳ."

ಹಾಕಿಕೊಟ್ಟಳು, ಅವನ ಫೋನಿನಲ್ಲಿ ಚುಕ್ಕೆ ಕಾಣುವಂತೆ ಮಾಡಿದಳು. ಅವನು ಹೆಂಡತಿಯ ಫೋನನ್ನು ತಿರುಗಿಸಿ ತಿರುಗಿಸಿ ನೋಡಿದ. "ಮ್ಯಾಲೆ ಈ ಸಾಲು ಯಾಕ ಬರ್ತೈತಿ? ಕಾಣಲಾರದಂಗ ಮಾಡು. ಆಕಿ ಏನರ ಒತ್ತಿ ಕೆಡಿಸಿಬಿಡ್ತಾಳ."

ಈ ಫೋನಿನ ಜಾಗ ಇನ್ನೊಬ್ಬರಿಗೆ ಹೋಗುತ್ತಿದೆ ಎಂದು ಫೋನಿನ ಒಡತಿಗೆ ತಿಳಿಸುವ ಸಾಲು ಅದು. ಮುಚ್ಚುವುದು ಅರ್ಧ ನಿಮಿಷದ ಕೆಲಸ. ಯಮನೂರ ಹೆಂಡತಿಯ ಮೇಲೆ ಕೈಮಾಡುತ್ತಾನೆಂಬುದು ಓಣಿಗೆಲ್ಲ ಗೊತ್ತಿತ್ತು. ನಡುವೆ ಒಂದೇ ತಗಡಿನ ಗೋಡೆ ಇದ್ದ ರುಕ್ಸಾನಾಳಿಗೆ ಎಲ್ಲರಿಗಿಂತ ಹೆಚ್ಚು ಗೊತ್ತಿತ್ತು. ಆದರೂ ಮುಚ್ಚಿದಳು. ಒಳಗೆ ತಾಯಿ ಕರೆಯುತ್ತಿದ್ದಳು, ಒಲೆಯ ಮೇಲೆ ಅನ್ನವಿತ್ತು, ಬೇಗ ಅವನನ್ನು ಕಳಿಸಿದರೆ ಸಾಕಾಗಿತ್ತು. ಆಮೇಲೆ ದಿನಾ ನಲ್ಲಿಯ ಹತ್ತಿರ ಅಂಬಿಕಾ ಸಿಗುತ್ತಿದ್ದಳು. ಕೇಳಬೇಕು ಎಂದು ಒಂದೆರಡು ಸಲ ಅನ್ನಿಸಿತು. ಕೇಳಲಿಲ್ಲ.

ದೀಪಾವಳಿ ಕಳೆದು ಎರಡು ವಾರವಾಗಿತ್ತು. ಬೆಳಿಗ್ಗೆ ನಲ್ಲಿಯಲ್ಲಿ ಅಂಬಿಕಾ ಕೊಡ ಕೆಳಗಿಟ್ಟು, ಹತ್ತಿರ ಬಂದು ಮೆಲ್ಲಗೆ ಹೇಳಿದಳು:

"ಅಕ್ಕಾ, ನಾ ಇವತ್ತ ಹೊಂಟೇನಿ. ಹೊಳ್ಳಿ ಬರಂಗಿಲ್ಲ. ಸಾಂಗೆದಾಗ ಜಮುನಾಬಾಯಿ ಅಂತ ನನ್ನ ಕೂಡ ಫ್ಯಾಕ್ಟರಿಗೆ ಬರತಿದ್ಲು. ಆಕಿ ಬಾ ಅಂದಾಳ. ಸಿಮ್ ಸೈತ ತಗದ ಒಗದು ಹೊಸಾದ ಹಾಕೇನಿ. ನಿನಗ ಅಷ್ಟ ಹೇಳೇನಿ."

"ಚಲೋ ಆತು, ಹೋಗು," ಎಂದಳು ರುಕ್ಸಾನಾ. ಅವಳ ಕೈ ಹಿಡಿದು ಒತ್ತಿದಳು. ಖುಷಿಯಲ್ಲಿ ಬೇರೇನೂ ನೆನಪಾಗಲಿಲ್ಲ.

ನೆನಪಾದದ್ದು ಮಧ್ಯಾಹ್ನ, ಅಂಗಡಿಯಲ್ಲಿ ಗಿರಾಕಿಯೊಬ್ಬರ ಫೋನಿಗೆ ಸಿಮ್ ಹಾಕುತ್ತಿದ್ದಾಗ. ಸಿಮ್ ಬದಲಿಸಿದರೆ ಆ್ಯಪಿಗೆ ಏನೂ ಆಗುವುದಿಲ್ಲ. ಅದು ಇರುವುದು ಫೋನಿನಲ್ಲಿ. ಅಂಬಿಕಾಳ ಹೊಸ ನಂಬರು ಅವಳ ಹತ್ತಿರ ಇರಲಿಲ್ಲ, ಜಮುನಾಬಾಯಿಯದಂತೂ ಮೊದಲೇ ಇಲ್ಲ. ಮಾಲೀಕರಿಗೆ ತಲೆನೋವೆಂದು ಹೇಳಿ ಮನೆಗೆ ಓಡಿಬಂದು ಲ್ಯಾಪ್‌ಟಾಪ್ ತೆರೆದಳು. ಸಾಂಗೆಯ ಪೇಟೆಯ ಆಚೆ, ಒಂದು ಮನೆಯ ಮೇಲೆ ಅಂಬಿಕಾಳ ಚುಕ್ಕೆ ನಿಂತಿತ್ತು. ರುಕ್ಸಾನಾ ತನ್ನ ಸರ್ವರಿನಿಂದ ಅವಳ ಹೆಸರು, ಅವಳು ಓಡಾಡಿದ ದಾರಿ ಎಲ್ಲವನ್ನೂ ಅಳಿಸಿದಳು. ಇನ್ನು ಅಲ್ಲಿಂದ ಯಾರಿಗೂ ಏನೂ ಹೋಗದು. ಗೋಡೆಗೊರಗಿ ಕೂತು ಒಂದು ಲೋಟ ನೀರು ಕುಡಿದಳು.

ಆದರೆ ಯಮನೂರ ಊಟದ ಬಿಡುವಿನಲ್ಲಿ ಒಮ್ಮೆ ಆ್ಯಪ್ ತೆರೆದು ನೋಡಿದ್ದ. ಸಂಜೆ ಮತ್ತೆ ತೆರೆದಾಗ ಸಂಪರ್ಕವಿಲ್ಲ ಎಂದು ಬಂತು. ಕೆಳಗೆ, ಕೊನೆಯದಾಗಿ ಕಂಡ ಜಾಗ, ಸಾಂಗೆ. ಸರ್ವರಿನಿಂದ ಅಳಿಸಿದ್ದು ಅವನ ಫೋನಿನಲ್ಲಿ ಉಳಿದಿತ್ತು. ಹಾಗೆ ಉಳಿಯಬೇಕೆಂದೇ ರುಕ್ಸಾನಾ ಅದನ್ನು ಬರೆದಿದ್ದಳು.

ಮರುದಿನ ಮಧ್ಯಾಹ್ನ ಬಾಡಿಗೆ ಕಾರೊಂದು ಗುಡ್ಡದ ಬುಡದಲ್ಲಿ ನಿಂತಿತು. ಯಮನೂರ ಮುಂದೆ, ಅಂಬಿಕಾ ಹಿಂದೆ. ಅವಳ ಬಲಗೈಗೆ ಪ್ಲಾಸ್ಟರು ಹಾಕಿತ್ತು. ಮೆಟ್ಟಿಲ ಮೇಲಿಂದ ಬಿದ್ದಳು ಎಂದು ಅವನು ಕೇಳಿದವರಿಗೂ ಕೇಳದವರಿಗೂ ಹೇಳಿದ.

ರುಕ್ಸಾನಾ ನಾಲ್ಕು ದಿನ ತಡೆದಳು. ಐದನೇ ದಿನ ಯಮನೂರ ಕೆಲಸಕ್ಕೆ ಹೋದ ಮೇಲೆ ಅವರ ಮನೆಗೆ ಹೋದಳು. ಅಂಬಿಕಾ ಎಡಗೈಯಿಂದ ಅಕ್ಕಿ ಆರಿಸುತ್ತಿದ್ದಳು.

"ಅಂಬಿಕಾ, ಅವಗ ಜಾಗಾ ತೋರಿಸಿದ್ದು ಯಾರೂ ಅಲ್ಲ, ನಿನ್ನ ಫೋನು. ಅದರಾಗ ಅದನ್ನ ಹಾಕಿದಾಕಿ ನಾನು. ನಿನಗ ಗೊತ್ತೈತಿ ಅಂದಿದ್ದ. ನಾ ನಿನ್ನ ಒಂದ ಮಾತು ಕೇಳಲಿಲ್ಲ."

ಅಂಬಿಕಾಳ ಕೈ ಮೊರದಲ್ಲೇ ನಿಂತಿತು.

"ಜಮುನಾಬಾಯಿ ಹೇಳ್ಯಾಳ ಅಂತ ತಿಳದಿದ್ನೆಲ್ಲಾ ಅಕ್ಕಾ. ಮಂದಿ ಮುಂದ ಆಕೀನ ಬಾಯಿಗೆ ಬಂದಂಗ ಬೈದು ಬಂದೇನಿ. ಆಕಿ ಮಾರಿ ನೋಡಬೇಕಿತ್ತು ನೀ."

"ನಾ ಹೋಗಿ ಆಕಿಗೆ ಹೇಳ್ತೇನಿ. ಖರೇನ ಹೋಗ್ತೇನಿ."

ಭಾನುವಾರ ತಾಯಿಯನ್ನು ಎದುರುಮನೆಯವರ ಹತ್ತಿರ ಬಿಟ್ಟು, ಎರಡು ಬಸ್ಸು ಬದಲಿಸಿ ಸಾಂಗೆಗೆ ಹೋದಳು. ಜಮುನಾಬಾಯಿ ಐವತ್ತರ ಹೆಂಗಸು. ಗಂಡ ಗಣಿಯಲ್ಲಿದ್ದವನು, ಗಣಿ ನಿಂತ ಮೇಲೆ ಮನೆಯಲ್ಲೇ ಇದ್ದ. ಬಾಗಿಲಿನ ಚಿಲಕ ಕಿತ್ತುಹೋದಲ್ಲಿ ಹಗ್ಗ ಕಟ್ಟಿದ್ದರು. ಎಲ್ಲ ಕೇಳಿಸಿಕೊಂಡು ಅವಳು, "ಪಾಪ, ಹುಡುಗಿ ಮ್ಯಾಲೆ ನನಗ ಸಿಟ್ಟಿಲ್ರಿ," ಎಂದಳು. ಆ ಬಾಗಿಲಿನತ್ತ ಕೈಮಾಡಿ ಅಂದಳು: "ಆದ್ರ ಇನ್ನ ಆಕಿ ನಮ್ಮ ಮನಿಗೆ ಬರೂದು ಬ್ಯಾಡ್ರಿ. ಅವ ಬಂದು ನಮ್ಮವರ ಮ್ಯಾಲೂ ಕೈ ಮಾಡಿದ. ಮುಂದ ನಮಗ ಆಗೂದಿಲ್ಲ."

ಬರುವಾಗ ಬಸ್ಸಿನಲ್ಲಿ ರುಕ್ಸಾನಾ ಮಹಿಳಾ ಸಹಾಯವಾಣಿಯ ನಂಬರು ಹುಡುಕಿ ಬರೆದುಕೊಂಡಳು. ಮರುದಿನ ಕೊಡಹೋದರೆ ಅಂಬಿಕಾ ಆ ಚೀಟಿಯನ್ನು ಕೈಯಲ್ಲೂ ಹಿಡಿಯಲಿಲ್ಲ. "ಅವರು ಬರ್ತಾರ, ಬರಕೊಂಡ ಹೋಗ್ತಾರ. ಆಮ್ಯಾಲೆ ಈ ಮನಿಯಾಗ ಇರಾಕಿ ನಾನ ಅಲ್ಲೇನು?" ಎಂದಳು. ರುಕ್ಸಾನಾ ಚೀಟಿ ಮಡಚಿಕೊಂಡು ಎದ್ದಳು.

ಆ ವಾರವೇ ಅವಳು ತಾಯಿಯದೊಂದನ್ನು ಬಿಟ್ಟು ಓಣಿಯ ಎಲ್ಲರ ಆ್ಯಪು ಬಂದ್ ಮಾಡಿದಳು. ಯಾಕೆಂದು ಕೇಳಿದವರಿಗೆ ಕೆಟ್ಟಿದೆ ಎಂದಳು. ತನಗೂ ಅದು ಸರಿಯೆನಿಸಿತು, ಎಂಟು ದಿನ. ಒಂಬತ್ತನೇ ದಿನ ಯಮನೂರ ಚಾರ್ಜರ್ ಕೊಳ್ಳಲು ಅಂಗಡಿಗೆ ಬಂದ. ಹೋಗುವಾಗ ತನ್ನ ಫೋನನ್ನು ಅವಳ ಮುಂದೆ ಹಿಡಿದ. ಬೇರೆ ಯಾವುದೋ ಆ್ಯಪು, ಬಣ್ಣಬಣ್ಣದ ನಕ್ಷೆ, ಅವರ ಮನೆಯ ಮೇಲೆಯೇ ಅಲುಗದ ಒಂದು ಗುರುತು.

"ನಿಂದು ಹೋದರ ಹೋತು ತಂಗಿ. ಇದು ಪುಗಸಟ್ಟೆ ಸಿಕ್ಕೈತಿ. ನಿಂದಕ್ಕಿಂತ ಚಲೋ ಐತಿ, ಆಕಿ ಯಾರಿಗೆ ಫೋನ್ ಹಚ್ಚಿದ್ಲು ಅನ್ನೂದನ್ನೂ ತೋರಿಸ್ತೈತಿ."

ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ಒಳ್ಳೆಯ ಸುದ್ದಿಯೊಂದನ್ನು ಹಂಚಿಕೊಳ್ಳುವವನಂತೆ ನಕ್ಕು ಹೋದ.

ಅಂಬಿಕಾಳ ಕೈ ಕೂಡಿಕೊಂಡಿತು, ಆದರೆ ಸೊಟ್ಟಗೆ. ಕಾರ್ಖಾನೆಯ ಕೆಲಸ ಹೋಯಿತು. ಈಗ ಅವಳು ಬೆಳಿಗ್ಗೆ ನಲ್ಲಿಗಷ್ಟೇ ಬರುತ್ತಾಳೆ. ತುಂಬಿದ ಕೊಡ ಎತ್ತಲು ಆ ಕೈಯಿಂದ ಆಗುವುದಿಲ್ಲ. ರುಕ್ಸಾನಾ ಬಗ್ಗಿ ಎತ್ತಿ ಅವಳ ಸೊಂಟದ ಮೇಲಿಡುತ್ತಾಳೆ. ಅಂಬಿಕಾ ಬೇಡ ಎನ್ನುವುದಿಲ್ಲ, ಅವಳ ಮುಖವನ್ನೂ ನೋಡುವುದಿಲ್ಲ. ಕೊಡ ಸರಿಮಾಡಿಕೊಂಡು ಗುಡ್ಡ ಹತ್ತುತ್ತಾಳೆ.