ಊರಿಗೊಂದು ಸಾಲು

ನಂಜನಗೂಡಿನ ಒಂದು ಆರೋಗ್ಯ ಸಂಸ್ಥೆಯಲ್ಲಿ ನಾನು ಕಂಪ್ಯೂಟರ್ ಕೆಲಸಕ್ಕೆ ಸೇರಿದ ಮಳೆಗಾಲದಲ್ಲೇ, ನರಸೀಪುರ ತಾಲ್ಲೂಕಿನ ನಮ್ಮೂರಿನಲ್ಲಿ ವಾಂತಿಭೇದಿ ಶುರುವಾಯಿತು. ಅಕ್ಕನ ಎರಡು ವರ್ಷದ ಮಗ ಆಸ್ಪತ್ರೆ ಸೇರಿದ.

ಹಳ್ಳಿಗಳಿಂದ ಬಂದ ರೋಗಿಗಳ ವಿವರವನ್ನು ಕಂಪ್ಯೂಟರಿಗೆ ಹಾಕುವುದು ನಮ್ಮ ಕೆಲಸ. ರೋಗಿ, ಮನೆ, ಊರು ಪ್ರೋಗ್ರಾಮಿನಲ್ಲಿ ಒಂದೊಂದು ಆಬ್ಜೆಕ್ಟ್, ಅಂದರೆ ತನ್ನ ವಿವರ ಹೊತ್ತ ಒಂದೊಂದು ಘಟಕ. ರೋಗಿಯಿಂದ ಮನೆಗೆ, ಮನೆಯಿಂದ ಊರಿಗೆ ಕೊಂಡಿ. ಊರಿನ ಪ್ರಕಾರ ಗುಂಪು ಮಾಡಿ ಎಣಿಸು ಎಂದು ಬರೆದರೆ ಸಾಕು, ಡೇಟಾಬೇಸಿಗೆ ಕೇಳಬೇಕಾದ ಪ್ರಶ್ನೆಯನ್ನು, ಅಂದರೆ ಕ್ವೆರಿಯನ್ನು, ಪ್ರೋಗ್ರಾಮೇ ಕಟ್ಟಿಕೊಳ್ಳುತ್ತಿತ್ತು. ನೂರು ಮನೆಗೆ ಎಷ್ಟು ಕಾಯಿಲೆ ಎಂದು ಊರಿಗೊಂದು ಸಾಲು ಬರುತ್ತಿತ್ತು. ಮಿತಿ ದಾಟಿದ ಊರಿಗೆ ನೀರಿನ ಟ್ಯಾಂಕರ್. ನಮ್ಮೂರು ದಾಟಿರಲಿಲ್ಲ.

ನಮ್ಮೂರಿಗೆ ನೀರಿನ ಟ್ಯಾಂಕು ಎರಡು. ಊರೊಳಗಿನವರಿಗೆ ಒಂದು, ನಮ್ಮ ಕೇರಿಗೆ ಒಂದು. ಮನೆಯ ವಿವರದಲ್ಲಿ ಟ್ಯಾಂಕಿನ ಕಾಲಂ ಇತ್ತು, ಯಾರೂ ಬಳಸುತ್ತಿರಲಿಲ್ಲ. ಊರಿನ ಜೊತೆಗೆ ಅದನ್ನೂ ಸೇರಿಸಿ ಗುಂಪು ಮಾಡಿದೆ. ಒಂದು ಸಾಲು ಎರಡಾಯಿತು. ಊರೊಳಗಿನ ಟ್ಯಾಂಕಿನ ಎದುರು ಸೊನ್ನೆ, ಕಾಯಿಲೆಯೆಲ್ಲ ಕೇರಿಯದು. ಊರೊಳಗೆ ಮನೆಗಳು ಹೆಚ್ಚು. ಅವನ್ನೂ ಸೇರಿಸಿ ಭಾಗಿಸಿದಾಗ ನಮ್ಮ ಕಾಯಿಲೆ ಕಾಣದಾಗಿತ್ತು.

ಮ್ಯಾನೇಜರ್ ಹಾಳೆ ನೋಡಿ ಹಣೆ ಉಜ್ಜಿಕೊಂಡರು. “ಏನಯ್ಯಾ ಇದು? ಊರಿಗೊಂದೇ ಸಾಲು ಇರ್ಬೇಕು. ಕೇರಿ ಬ್ಯಾರೆ ಮಾಡಿ ತಾಲ್ಲೂಕು ಆಫೀಸಿಗೆ ಕಳಿಸಿದ್ರೆ, ಕಂಪ್ಯೂಟರಿಗೂ ಜಾತಿ ಅಂಟಿಸಿದ್ರಾ ಅಂತಾರೆ.”

“ಟ್ಯಾಂಕು ಬ್ಯಾರೆ ಮಾಡಿ ಕಟ್ಟಿದ್ದು ಕಂಪ್ಯೂಟರಲ್ಲ ಸಾ.”

ಅವರು ಹಾಳೆ ಮಡಿಚಿಟ್ಟರು. “ಟ್ಯಾಂಕರ್ ತಾನೆ ಬೇಕಿರೋದು? ಊರ ಹೆಸರಲ್ಲೇ ಬರೆದು ಕಳಿಸ್ತೀನಿ, ಬಿಡು.”

ನನಗೂ ಅಷ್ಟೇ ಸಾಕೆನಿಸಿತು.

ಗುರುವಾರ ಬೆಳಿಗ್ಗೆ ಎಂಟೂಕಾಲಿಗೆ, ನನ್ನ ಡೈರಿಯಲ್ಲಿ ಬರೆದಿದೆ, ಟ್ಯಾಂಕರ್ ಬಂತು. ನೋಡಲೆಂದು ನಾನೂ ಊರಿಗೆ ಹೋಗಿದ್ದೆ. ಊರೊಳಗಿನ ಅರಳೀಕಟ್ಟೆಯ ಮುಂದೆ ನಿಂತಿತು. ಅಲ್ಲಿಯ ಮನೆಗಳವರು ಡ್ರಮ್ಮು ಉರುಳಿಸಿಕೊಂಡು ಬಂದರು. ನಮ್ಮವರು ಕೊಡ ಹಿಡಿದು ದೂರದಲ್ಲಿ ನಿಂತರು.

“ಅಣ್ಣಾ, ಕೇರಿಗೂ ಒಸಿ ಬಾರಣ್ಣ, ಮಕ್ಳು ಕಾಯ್ಲೆ ಬಿದ್ದವೆ” ಎಂದು, ಆಸ್ಪತ್ರೆಯಲ್ಲಿ ಮಗುವಿನ ಹತ್ತಿರ ಅವ್ವನನ್ನು ಕೂರಿಸಿ ನೀರಿಗೆ ಬಂದಿದ್ದ ಅಕ್ಕ ಕೂಗಿದಳು.

“ಚೀಟೀಲಿ ಊರ ಎಸ್ರು ಅದೆ ಕಣವ್ವ, ಕೇರಿ ಎಸ್ರಿಲ್ಲ. ನಾನೇನ್ ಮಾಡ್ಲಿ?” ಎಂದ ಡ್ರೈವರ್.

ನಮ್ಮ ಸರದಿ ಬರುವ ಹೊತ್ತಿಗೆ ಪೈಪು ಬರೀ ಗಾಳಿ ಬಿಡುತ್ತಿತ್ತು. ಅಕ್ಕ ನನ್ನ ಕಡೆ ತಿರುಗಿದಳು. “ನಮ್ ಮಕ್ಳ ಕಾಯ್ಲೆ ಎಣಿಸಿ ಅವ್ರಿಗೆ ನೀರು ತರ್ಸ್ಕೊಟ್ಟೆ ಕಣ್ಲಾ.”

ಶನಿವಾರ ಮಗುವನ್ನು ಆಸ್ಪತ್ರೆಯಿಂದ ಮನೆಗೆ ಕಳಿಸಿದರು. ಆ ಸಂಜೆ ಅಕ್ಕ ಕೇರಿಯ ನಲ್ಲಿಗೇ ಕೊಡ ಹಿಡಿದಳು. ಸೌದೆ ಇದ್ದಷ್ಟು ದಿನ ಆ ನೀರನ್ನು ಕಾಯಿಸಿ ಕುಡಿಸಿದಳು.