ತವರಿನ ಕೊಬ್ಬರಿ

ಒಣಕೊಬ್ಬರಿಯನ್ನು ಹಂಚಿನ ಮೇಲೆ ಬೆಚ್ಚಗೆ ಮಾಡುವಾಗ ಏಳುವ ಜಿಡ್ಡುಜಿಡ್ಡಾದ ಸಿಹಿ ವಾಸನೆಗೆ ಇವತ್ತಿಗೂ ನನ್ನ ಕೈ ನಿಂತುಬಿಡುತ್ತದೆ. ಒಲೆ ಸಣ್ಣ ಮಾಡಿ ಸುಮ್ಮನೆ ನಿಲ್ಲುತ್ತೇನೆ. ಮಡಕಶಿರದ ಹತ್ತಿರದ ನಮ್ಮ ಹಳ್ಳಿಮನೆ, ಅದರ ಕತ್ತಲೆಯ ಅಡುಗೆಕೋಣೆ, ಗೋಡೆಗೆ ಬೆನ್ನು ಕೊಟ್ಟು ಕೂತ ಹೆಂಗಸರು ಕಣ್ಣೆದುರು ಬರುತ್ತಾರೆ. ಆ ಮನೆ ಈಗಿಲ್ಲ. ಅವರಲ್ಲೂ ಯಾರೂ ಇಲ್ಲ.

ನಾವು ಬೆಳೆದ ಕಡಲೆಕಾಯಿ ಮೂಟೆಯಾಗಿ ಪೇಟೆಗೆ ಹೋಗುತ್ತಿತ್ತು. ಮನೆಗೆ ಬಂದ ಒಂದಿಷ್ಟು ಎಣ್ಣೆ ಗಂಡಸರ ಒಗ್ಗರಣೆಗೆ ಆಗುತ್ತಿತ್ತು. ಹೆಂಗಸರು ಉಣ್ಣಲು ಕೂರುವ ಹೊತ್ತಿಗೆ ಮುದ್ದೆಗೆ ಉಳಿದಿರುತ್ತಿದ್ದುದು ನೀರುನೀರಾದ ಸಾರು. ಅವರ ನಾಲಿಗೆಗೆ ಜಿಡ್ಡು ತಾಗುತ್ತಿದ್ದುದು ತೆಂಗಿನಕಾಯಿಯಿಂದ ಮಾತ್ರ. ತುರಿದು ಮುಗಿದ ಚಿಪ್ಪು ಕೈಯಿಂದ ಕೈಗೆ ಹೋಗುತ್ತಿತ್ತು. ಅಜ್ಜಿ, ಅಮ್ಮ, ಚಿಕ್ಕಮ್ಮ ಅಂಟಿಕೊಂಡಿದ್ದನ್ನು ಚಮಚದಲ್ಲಿ ಕೆರೆದು ತಿನ್ನುತ್ತಿದ್ದರು. “ನಿಧಾನ ಕಣಮ್ಮಿ, ಚಿಪ್ಪೂ ನುಂಗ್ಬಿಟ್ಟೀಯ!” ಎಂದು ಅಜ್ಜಿ ಛೇಡಿಸಿದರೆ, “ನೀವು ಕೆರೆದ್ಮೇಲೆ ಇರೋದು ಚಿಪ್ಪೊಂದೇ ಅಲ್ವಾ ಅತ್ತೆ?” ಎನ್ನುತ್ತಿದ್ದಳು ಚಿಕ್ಕಮ್ಮ.

ಚಿಕ್ಕಮ್ಮ ತಾಯಿಯಿಲ್ಲದ ಹುಡುಗಿ, ಹಾಗಾಗಿ ಅವಳ ಹೆರಿಗೆ ನಮ್ಮ ಮನೆಯಲ್ಲೇ ಆಯಿತು. ಗಂಡು ಕೂಸು. ಬಾಣಂತಿ ಹಸಿಕಾಯಿ ತಿಂದರೆ ಕೂಸಿಗೆ ಶೀತವೆಂದು ಅವಳ ಪಾಲಿನ ಚಿಪ್ಪೂ ನಿಂತುಹೋಯಿತು. ಒಣಕೊಬ್ಬರಿಗೆ ಬೆಲ್ಲ, ಮೆಣಸು ಸೇರಿಸಿ ಕುಟ್ಟಿ ಕೊಡಬೇಕು. ಆದರೆ ನಮ್ಮ ಮನೆತನದಲ್ಲಿ ಆ ಕೊಬ್ಬರಿ ಬಾಣಂತಿಯ ತವರಿಂದಲೇ ಬರಬೇಕಿತ್ತು. ಅದಕ್ಕೂ ಮುಂಚೆ ಗಂಡನ ಮನೆಯವರು ಕೊಟ್ಟರೆ ಅವಳಿಗೆ ತವರೇ ಇಲ್ಲವೆಂದು ಊರಿಗೆಲ್ಲ ಸಾರಿದ ಹಾಗೆ. ತವರೆಂದರೆ ಅವಳಿಗಿದ್ದವನು ಒಬ್ಬ ಅಣ್ಣ. ಅವನು ಕುರಿ ಹೊಡೆದುಕೊಂಡು ಪಾವಗಡದ ಆಚೆ ಎಲ್ಲೋ ಇದ್ದ. ಬಸ್ಸಿನಲ್ಲಿ ಹೋಗುವವರ ಕೈಲಿ ಹೇಳಿಕಳಿಸಿ ಕಾದೆವು.

“ನಮ್ಮಣ್ಣ ಕೊಬ್ಬರಿ ತತ್ತಾನೋ, ಕುರಿ ಹಿಕ್ಕೆ ತತ್ತಾನೋ,” ಎಂದು ಚಿಕ್ಕಮ್ಮ ಮೊದಮೊದಲು ನಗುತ್ತಿದ್ದಳು. ಬರುಬರುತ್ತ ಅವಳ ಕೆನ್ನೆ ಒಳಕ್ಕೆ ಹೋಯಿತು, ಹಾಲು ಬತ್ತಿತು. ಕೂಸು ಎದೆ ಚೀಪಿ ಚೀಪಿ ಸಿಟ್ಟಿಗೆದ್ದು ಅಳುತ್ತಿತ್ತು. ಆಮೇಲಾಮೇಲೆ ಅಳುವುದಕ್ಕೂ ತ್ರಾಣವಿಲ್ಲದೆ ಸುಮ್ಮನಾಯಿತು. ಬಟ್ಟೆಯಲ್ಲಿ ಅದ್ದಿ ಬಾಯಿಗೆ ಬಿಟ್ಟ ಮೇಕೆ ಹಾಲೂ ಒಳಗೆ ನಿಲ್ಲಲಿಲ್ಲ. ಅಟ್ಟದ ಮೇಲೆ ನಮ್ಮದೇ ತೋಟದ ಕೊಬ್ಬರಿ ಮೂಟೆಯಿತ್ತು.

“ಅತ್ತೆ, ಒಂದು ಹೋಳು ಕೊಡಾನ,” ಎಂದಳು ಅಮ್ಮ.

“ಆ ಹುಡುಗ ಇವತ್ತಲ್ಲ ನಾಳೆ ಬತ್ತಾನೆ ಕಣೆ. ತಾಯಿಲ್ಲದ ಹೆಣ್ಣು, ಇರೋದೊಂದು ತವರು. ಅದನ್ನೂ ನಾನೇ ಕಳೀಲಾ?” ಅಜ್ಜಿಯ ದನಿಯಲ್ಲಿ ಸಿಟ್ಟಿರಲಿಲ್ಲ. ಅವಳ ಕಣ್ಣು ತುಂಬಿತ್ತು.

ಕೂಸನ್ನು ಮಣ್ಣು ಮಾಡಿದ ಮಾರನೆಯ ದಿನ ಚಿಕ್ಕಮ್ಮನ ಅಣ್ಣ ಬಂದ. ದಾರಿಯಲ್ಲಿ ಅವನಿಗೆ ಯಾರೂ ಹೇಳಿರಲಿಲ್ಲ. ಕಂಬಳಿಯಲ್ಲಿ ಕಟ್ಟಿ ತಂದ ಕೊಬ್ಬರಿಯನ್ನು ಹೊಸ್ತಿಲಲ್ಲಿ ಇಳಿಸಿ, “ಎಲ್ಲವ್ನೆ ನಮ್ಮ ಅಳಿಯ?” ಎಂದು ನಕ್ಕ. ಅಜ್ಜಿ ಎದ್ದು ಆ ಗಂಟು ಬಿಚ್ಚಿದಳು, ತಾನೇ ಕುಟ್ಟಿದಳು, ಉಂಡೆ ಮಾಡಿ, “ತಿನ್ನವ್ವ,” ಎಂದು ಚಿಕ್ಕಮ್ಮನ ಬಾಯಿಗೆ ಇಟ್ಟಳು. ಚಿಕ್ಕಮ್ಮ ಬೇಡವೆನ್ನಲಿಲ್ಲ. ದಿನವೂ ಕೊಟ್ಟಷ್ಟನ್ನು ಗೋಡೆ ನೋಡುತ್ತ ಅಗಿದಳು.

ಒಂದು ಬೆಳಿಗ್ಗೆ ಅವಳ ರವಿಕೆ ಒದ್ದೆಯಾಗಿತ್ತು. ಎದೆ ಕಲ್ಲಾಗಿ ನೋವಿನಿಂದ ಚೀರಿದಾಗ ಅಜ್ಜಿಯೇ ಬಟ್ಟಲು ಹಿಡಿದು ಕೂತು ಹಿಂಡಿದಳು. ಆಮೇಲೆ ಆ ಹಾಲನ್ನು ಎಲ್ಲಿ ಚೆಲ್ಲಬೇಕೋ ತಿಳಿಯದೆ, ಬಿಸಿಲು ಏರುವವರೆಗೂ ಹಿತ್ತಲ ಬಾಗಿಲಲ್ಲಿ ನಿಂತೇ ಇದ್ದಳು.